ಉಕ್ಕಿನ ಮಗ್ಗುಲಲ್ಲಿ ಬೀಟೆ, ದಂತ, ಕೊಂಬು: ಪಿಸ್ತೂಲಿನ ಹಿಡಿ ಮಾಡುವ ಹವ್ಯಾಸ

(ಮೈಸೂರಿನ ಮರಗೆಲಸದ ಹವ್ಯಾಸಿಗಳ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಪಿಸ್ತೂಲನ್ನಾಗಲಿ ರಿವಾಲ್ವರನ್ನಾಗಲಿ ಕೈಗೆತ್ತಿಕೊಂಡರೆ ಅಂಗೈಗೆ ಹೆಚ್ಚಾಗಿ ತಾಗುವುದು ಚೌಕಟ್ಟಿನ ಎರಡೂ ಮಗ್ಗುಲಿಗೆ ತಿರುಪಿನಿಂದ ಬಿಗಿದಿರುವ ಮರದ, ಕೊಂಬಿನ ಅಥವಾ ಪ್ಲಾಸ್ಟಿಕ್ಕಿನ ಎರಡು ಫಲಕಗಳು. ಅಮೆರಿಕದಲ್ಲಿ ಈ ಫಲಕಗಳನ್ನಷ್ಟೇ ಕಳಚಿ, ಆ ಜಾಗಕ್ಕೆ ತಾವೇ ಆರಿಸಿದ ಅಪರೂಪದ ವಸ್ತುವಿನಿಂದ ಮಾಡಿದ ಇನ್ನೊಂದು ಜೊತೆಯನ್ನು ಕೂರಿಸುವ ಹವ್ಯಾಸಿಗಳು ಬಹಳ ಜನ ಇದ್ದಾರೆ. ಅರಿಜೋನಾದಲ್ಲಿ ನೆಲೆಸಿದ ವರ್ಷಗಳಲ್ಲಿ ನಾನೂ ಈ ಕೆಲಸ ಕಲಿತವನು. ಬಂದೂಕಿನ ಮಾತು ಈ ಕೂಟಕ್ಕೆ ಹೊರಗಿನದೆಂದು ತೋರಬಹುದು. ಆದರೆ ಇದರಲ್ಲಿ ಬಳಕೆಯಾಗುವ ಬೀಟೆ, ದಂತ, ಕಡವೆಯ ಕೊಂಬು ಈ ಸೀಮೆಗೆ ಹೊಸತಲ್ಲ. ಅಪರೂಪದ ವಸ್ತು ಸುಂದರವಾಗಿರುತ್ತದೆ ಎಂಬುದನ್ನು ಹೇಳಲು ಉಪನ್ಯಾಸ ಬೇಕಿಲ್ಲ. ಅದು ಉಕ್ಕಿನ ಮಗ್ಗುಲಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಎಲ್ಲಿಂದ ಬಂದಿದೆ ಎಂಬ ಎರಡು ಪ್ರಶ್ನೆಗಳೇ ಈ ಕೆಲಸದಲ್ಲಿ ಮುಖ್ಯವೆಂದು ನನಗೆ ಕಂಡಿದೆ. ನನ್ನ ಮಾತೆಲ್ಲ ಅವುಗಳ ಸುತ್ತಲೇ ಇರುತ್ತದೆ.

ಇದು ಅಲ್ಲಿ ಮನೆಯ ಷೆಡ್ಡಿನ ಹವ್ಯಾಸವಾಗಲು ಕಾನೂನಿನ ಒಂದು ಕಾರಣವಿದೆ. ಅಮೆರಿಕದ ಕೇಂದ್ರ ಕಾನೂನಿನ ದೃಷ್ಟಿಯಲ್ಲಿ ಪಿಸ್ತೂಲೆಂದರೆ ಕ್ರಮಸಂಖ್ಯೆ ಹೊತ್ತ ಫ್ರೇಮ್, ಅಂದರೆ ಚೌಕಟ್ಟು. ಅದಕ್ಕೆ ಹೊಂದಿಸುವ ಹಿಡಿಯ ಫಲಕಗಳು ಆಯುಧವೆಂದು ಲೆಕ್ಕವಿಲ್ಲ. ಆದ್ದರಿಂದ ಅವನ್ನು ಮಾಡುವುದಕ್ಕಾಗಲಿ, ಅಂಚೆಯಲ್ಲಿ ಕಳಿಸುವುದಕ್ಕಾಗಲಿ ಬಂದೂಕು ತಯಾರಕರ ಪರವಾನಗಿ ಬೇಕಾಗುವುದಿಲ್ಲ. ಹಿಡಿ ಮಾಡುವವನು ಗುಂಡು ಹಾರಿಸುವವನೇ ಆಗಿರಬೇಕೆಂದೂ ಇಲ್ಲ. ನಾನು ಕಂಡ ಒಳ್ಳೆಯ ಕೆಲಸಗಾರರಲ್ಲಿ ಕೆಲವರು ಮೂಲತಃ ಗಿಟಾರು ಮಾಡುವವರು, ಕೆಲವರು ಚಾಕುವಿನ ಹಿಡಿ ಕೂರಿಸುವವರು.

ಈ ಅಲಂಕಾರದ ಆಸೆ ಹಳೆಯದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರ್ಖಾನೆಯಿಂದ ಹೊರಬಂದ ಬಂದೂಕುಗಳ ಮೇಲೆ ಹುಲಿಯ ಮುಖ, ಹುಲಿಪಟ್ಟೆಗಳಿದ್ದುದು ನಿಮಗೆ ಗೊತ್ತೇ ಇದೆ. ಅಮೆರಿಕದಲ್ಲಿ 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಲ್ಲಿನ ಪೇಟೆಂಟ್ ಪಡೆದ ಮೇಲೆ, ಒಂದೇ ಮಾದರಿಯ ಆಯುಧವನ್ನು ಸಾವಿರಗಟ್ಟಲೆ ಜನ ಕೊಳ್ಳುವ ಕಾಲ ಬಂತು. ಎಲ್ಲರ ಕೈಯಲ್ಲೂ ಒಂದೇ ಬಗೆಯದು ಇದ್ದಾಗ ತನ್ನದು ಬೇರೆಯಾಗಿ ಕಾಣಬೇಕೆಂಬ ಬಯಕೆ ಸಹಜ. ಕಾರ್ಖಾನೆಯೇ ಹೆಚ್ಚಿನ ಬೆಲೆಗೆ ದಂತದ, ಮುತ್ತಿನ ಚಿಪ್ಪಿನ ಹಿಡಿಗಳನ್ನು ಕೂರಿಸಿ ಕೊಡುತ್ತಿತ್ತು. ದಂತದ ಮೇಲೆ ಎತ್ತಿನ ತಲೆಯನ್ನೋ ಮೆಕ್ಸಿಕೋದ ಹದ್ದನ್ನೋ ಕೆತ್ತಿಸುವ ರೂಢಿಯಿತ್ತು. ನ್ಯೂಯಾರ್ಕಿನ ಒಡವೆ ವ್ಯಾಪಾರಿಗಳಾದ ಟಿಫನಿ ಸಂಸ್ಥೆಯವರು ಬೆಳ್ಳಿಯ ಹಿಡಿಗಳನ್ನೂ ಮಾಡಿದರು. ಅವರು ಅಲಂಕರಿಸಿದ ರಿವಾಲ್ವರುಗಳನ್ನು ಆ ಊರಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ನೋಡಬಹುದು.

ಹಿಡಿಯೊಂದರಿಂದಲೇ ಹೆಸರಾದ ರಿವಾಲ್ವರೆಂದರೆ ಅಮೆರಿಕದ ಸೇನಾನಿ ಜನರಲ್ ಪ್ಯಾಟನ್ನನದು. ಆತ 1916ರಲ್ಲಿ, ಮೆಕ್ಸಿಕೋದ ಗಡಿಯಲ್ಲಿ ಕಿರಿಯ ಅಧಿಕಾರಿಯಾಗಿದ್ದಾಗ ಕೊಂಡ ಕೋಲ್ಟ್ ಸಿಂಗಲ್ ಆಕ್ಷನ್ ರಿವಾಲ್ವರಿಗೆ ದಂತದ ಹಿಡಿಯಿತ್ತು. ಅದರ ಮೇಲೆ ಅವನ ಹೆಸರಿನ ಮೊದಲಕ್ಷರಗಳನ್ನು ಕೆತ್ತಲಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪತ್ರಿಕೆಗಳು ಅದನ್ನು ಮುತ್ತಿನ ಹಿಡಿಯೆಂದು ಬರೆದಾಗ ಆತ ಕೆರಳಿ ತಿದ್ದುತ್ತಿದ್ದನಂತೆ. ಆ ರಿವಾಲ್ವರು ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿ ಅವನ ಹೆಸರಿನಲ್ಲಿರುವ ಮ್ಯೂಸಿಯಮ್ಮಿನ ಸಂಗ್ರಹಕ್ಕೆ ಸೇರಿತು. ಇಂದಿಗೂ ಗಿರಾಕಿಗಳು "ಪ್ಯಾಟನ್ ಹಿಡಿ" ಬೇಕೆಂದು ಕೇಳುತ್ತಾರೆ, ಮತ್ತು ಹೆಚ್ಚಿನವರು ತೆಗೆದುಕೊಂಡು ಹೋಗುವುದು ದಂತದ ಬಣ್ಣದ ಪ್ಲಾಸ್ಟಿಕ್ಕನ್ನು.

ಇವೆಲ್ಲ ಶ್ರೀಮಂತರ ಮಾತಾಯಿತು. ಸಾಮಾನ್ಯ ಹಿಡಿ ಅಕ್ರೋಟಿನ ಮರದ್ದು, ಇಲ್ಲವೆ ಗಟ್ಟಿ ರಬ್ಬರಿನದು. 1911ರ ಮಾರ್ಚಿನಲ್ಲಿ ಅಮೆರಿಕದ ಸೇನೆ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಪಿಸ್ತೂಲನ್ನು ಒಪ್ಪಿಕೊಂಡಿತು. ಆ ಇಸವಿಯೇ ಅದರ ಹೆಸರಾಗಿ ಉಳಿಯಿತು. ಮೊದಲಿಗೆ ಅದಕ್ಕೆ ಗೀರುಚೌಕಳಿ ಕೆತ್ತಿದ ಅಕ್ರೋಟಿನ ಹಿಡಿಯಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಚ್ಚಿನಲ್ಲಿ ಒತ್ತಿದ ಕಂದು ಪ್ಲಾಸ್ಟಿಕ್ ಬಂತು. ಈ ಹವ್ಯಾಸ ಬೆಳೆದದ್ದೇ 1911ರಿಂದ ಎನ್ನಬೇಕು, ಏಕೆಂದರೆ ನೂರು ವರ್ಷಗಳಿಂದ ಹತ್ತಾರು ಕಾರ್ಖಾನೆಗಳು ಮಾಡಿರುವ ಆ ಪಿಸ್ತೂಲಿನ ಪೂರ್ಣ ಗಾತ್ರದ ಮಾದರಿಗಳಲ್ಲಿ ತಿರುಪಿನ ರಂಧ್ರಗಳ ಅಂತರ ಹೆಚ್ಚುಕಡಿಮೆ ಒಂದೇ ಇದೆ. ಒಮ್ಮೆ ಅಳತೆಯ ಅಚ್ಚು ಮಾಡಿಕೊಂಡರೆ ಸಾಕು, ಯಾರ ಪಿಸ್ತೂಲಿಗೂ ಹೊಂದುತ್ತದೆ. ಇದಕ್ಕೆ ತದ್ವಿರುದ್ಧವಾದುದು ಆಸ್ಟ್ರಿಯಾದ ಸೇನೆ 1980ರ ದಶಕದ ಮೊದಲಲ್ಲಿ ಸ್ವೀಕರಿಸಿದ ಗ್ಲಾಕ್. ಅದರ ಹಿಡಿ ಮತ್ತು ಫ್ರೇಮ್ ಒಂದೇ ಅಚ್ಚಿನ ಪಾಲಿಮರ್. ಕಳಚಲು ಫಲಕವೇ ಇಲ್ಲ. ಇಂದು ಮಾರಾಟವಾಗುವ ಪಿಸ್ತೂಲುಗಳಲ್ಲಿ ಬಹುಪಾಲು ಇದೇ ಜಾತಿಯವಾದ್ದರಿಂದ ನಮ್ಮ ಹವ್ಯಾಸ 1911, ಬೆರೆಟ್ಟಾ 92, ಸಿಜೆಡ್ 75 ಮತ್ತು ರಿವಾಲ್ವರುಗಳಿಗೆ ಸೀಮಿತವಾಗಿದೆ.

1911ರ ಫಲಕವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಉದ್ದ ಸುಮಾರು ನಾಲ್ಕೂಕಾಲು ಇಂಚು, ಅಗಲ ಒಂದೂಕಾಲು ಇಂಚಿಗಿಂತ ತುಸು ಹೆಚ್ಚು, ದಪ್ಪ ಕಾಲು ಇಂಚು. ಹಿಂಬದಿ ಸಪಾಟು, ಮುಂಬದಿ ಉಬ್ಬು. ಮೇಲೊಂದು ಕೆಳಗೊಂದು ತಿರುಪು. ಮರಗೆಲಸ ಬಲ್ಲವರಿಗೆ ಇದು ಒಂದು ಮಧ್ಯಾಹ್ನದ ಕೆಲಸವೆಂದು ತೋರುತ್ತದೆ, ಮತ್ತು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಲೂಬಹುದು. ಅದು ಆರು ತಿಂಗಳ ಮೇಲೆ ಹೇಗಿರುತ್ತದೆ ಎಂಬಲ್ಲಿ ತೊಡಕು ಶುರುವಾಗುತ್ತದೆ.

ಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣ ಹವೆಯಲ್ಲಿ ಕುಗ್ಗುತ್ತದೆ. ಉಕ್ಕಿಗೆ ತೇವದ ಲೆಕ್ಕವಿಲ್ಲ. ಎಳೆಯ ಉದ್ದಕ್ಕೆ ಮರ ಅಲುಗಾಡುವುದೇ ಇಲ್ಲವೆನ್ನಬಹುದು, ಎಲ್ಲ ತಕರಾರೂ ಎಳೆಗೆ ಅಡ್ಡಲಾಗಿ. ಅಮೆರಿಕದ ಕರಿ ಅಕ್ರೋಟು ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ವರ್ಷಬಳೆಗಳ ಗುಂಟ ಸುಮಾರು ಶೇ 7.8ರಷ್ಟು, ತಿರುಳಿನಿಂದ ತೊಗಟೆಯ ಕಡೆಗೆ ಶೇ 5.5ರಷ್ಟು ಕುಗ್ಗುತ್ತದೆ. ನಮ್ಮ ಬೀಟೆಗೆ ಈ ಅಂಕಿಗಳು ಸುಮಾರು 5.8 ಮತ್ತು 2.7. ಅರಿಜೋನಾದ ಮರುಭೂಮಿಯ ಮನೆಯಲ್ಲಿ ಶೇ 6ರಷ್ಟು ತೇವ ಇಟ್ಟುಕೊಂಡಿರುವ ಮರವನ್ನು ಕರಾವಳಿಯ ಊರಿಗೆ ಒಯ್ದರೆ ಅದು ಶೇ 12ಕ್ಕೆ ಏರುವುದು ವಿಶೇಷವೇನಲ್ಲ. ಲೆಕ್ಕ ಹಾಕಿ ನೋಡಿ: ಸಾಮಾನ್ಯವಾಗಿ ಸೀಳಿದ ಅಕ್ರೋಟಿನ 33 ಮಿಲಿಮೀಟರ್ ಅಗಲದ ಫಲಕ ಈ ಅಂತರದಲ್ಲಿ ಅರ್ಧ ಮಿಲಿಮೀಟರ್ ಅಗಲವಾಗುತ್ತದೆ, ಬೀಟೆಯನ್ನು ವರ್ಷಬಳೆಗಳು ಫಲಕದ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಸೀಳಿದ್ದರೆ 0.2 ಮಿಲಿಮೀಟರಿಗಿಂತಲೂ ಕಡಿಮೆ. ಮೇಜಿನ ಹಲಗೆಯಲ್ಲಿ ಅರ್ಧ ಮಿಲಿಮೀಟರನ್ನು ಯಾರೂ ಕಾಣುವುದಿಲ್ಲ. ಉಕ್ಕಿನ ಅಂಚಿಗೆ ಸರಿಗಟ್ಟಿಸಿದ ಫಲಕದಲ್ಲಿ ಅದನ್ನು ಕಣ್ಣಿಗಿಂತ ಮೊದಲು ಬೆರಳು ಕಂಡುಹಿಡಿಯುತ್ತದೆ.

ಬೀಟೆಯ ಕೀರ್ತಿಗೆ ಅದರ ಬಣ್ಣವನ್ನು ಕಾರಣವಾಗಿ ಹೇಳುವುದು ರೂಢಿ. ಹಿಡಿ ಮಾಡುವವನ ಮಟ್ಟಿಗೆ ಅದರ ನಿಜವಾದ ಗುಣ ಈ ಸ್ಥಿರತೆ. ಹೀಗಾಗಿ ಒಳ್ಳೆಯ ಕೆಲಸಗಾರರು ಮರದ ತುಂಡನ್ನು ತಂದ ಕೂಡಲೇ ಕೊರೆಯುವುದಿಲ್ಲ; ಅಂದಾಜಿನ ಅಳತೆಗೆ ಸೀಳಿ, ಎಳೆ ತುಂಡಾದ ತುದಿಗಳಿಗೆ ಮೇಣ ಹಚ್ಚಿ ಕಪಾಟಿನಲ್ಲಿಟ್ಟು ಆಗಾಗ ತೂಗುತ್ತಾರೆ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಆರಂಭ. ಎರಡೂ ಫಲಕಗಳನ್ನು ಒಂದೇ ತುಂಡಿನಿಂದ, ಪುಸ್ತಕ ಬಿಚ್ಚಿದಂತೆ ಸೀಳಿ ತೆಗೆಯುವುದು ವಾಡಿಕೆ. ಆಗ ಎಡಬಲದ ಎಳೆಗಳು ಒಂದಕ್ಕೊಂದು ಪ್ರತಿಬಿಂಬದಂತೆ ಕಾಣುತ್ತವೆ. ಅಷ್ಟೇ ಮುಖ್ಯವಾಗಿ, ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ.

ಅರಿಜೋನಾದವರಿಗೆ ಅವರದೇ ಆದ ಒಂದು ಮರವಿದೆ. ಸೊನೋರಾ ಮರುಭೂಮಿಯಲ್ಲಿ ಬೆಳೆಯುವ, ದ್ವಿದಳ ಕುಲಕ್ಕೆ ಸೇರಿದ ಡೆಸರ್ಟ್ ಐರನ್‌ವುಡ್ ನೀರಿನಲ್ಲಿ ಮುಳುಗುವಷ್ಟು ಸಾಂದ್ರವಾದುದು. ಜೇನುಬಣ್ಣದಿಂದ ಕಡು ಕಂದಿನವರೆಗೆ ಅದರಲ್ಲಿ ಎಳೆಗಳು ಸುಳಿಸುಳಿಯಾಗಿ ಓಡುತ್ತವೆ. ಯಾವ ಎಣ್ಣೆಯನ್ನೂ ಹಚ್ಚದೆ ಬರೀ ಬಟ್ಟೆಯ ಉಜ್ಜಿಗೆ ಗಾಜಿನಂತೆ ಹೊಳೆಯುತ್ತದೆ. ಮೆಕ್ಸಿಕೋದ ಸೇರಿ ಎಂಬ ಬುಡಕಟ್ಟಿನ ಜನರು ಇದರಲ್ಲಿ ಕೆತ್ತಿದ ಪ್ರಾಣಿಗಳ ಬೊಂಬೆಗಳು ಹೆಸರಾದವು. ಮರುಭೂಮಿಯ ಎಷ್ಟೋ ಎಳೆಯ ಸಸಿಗಳು ಈ ಮರದ ನೆರಳಿನಲ್ಲೇ ಬದುಕುಳಿಯುವುದರಿಂದ ಜೀವಂತ ಮರವನ್ನು ಕಡಿಯಲು ಕಾನೂನಿನ ತಡೆಯಿದೆ. 2000ದಲ್ಲಿ ಟೂಸಾನ್ ನಗರದ ಬಳಿ ಇದರ ಹೆಸರಿನಲ್ಲೇ ಒಂದು ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಹವ್ಯಾಸಿಗಳು ಬಳಸುವುದು ಬಹುಕಾಲದ ಹಿಂದೆ ಸತ್ತು ಒಣಗಿದ ಕೊರಡನ್ನು, ಅದೂ ನೆಲದ ಒಡೆಯರ ಅನುಮತಿಯಿಂದ. ನನ್ನನ್ನು ಕೇಳಿದರೆ ಹಿಡಿಗೆ ಇದಕ್ಕಿಂತ ತಕ್ಕ ಮರ ಇನ್ನೊಂದಿಲ್ಲ. ಆದರೆ ಅದರ ಗಡಸುತನಕ್ಕೆ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ.

ಮಧ್ಯ ಅಮೆರಿಕದ ಕೊಕೊಬೋಲೋ, ಆಫ್ರಿಕದ ಬ್ಲ್ಯಾಕ್‌ವುಡ್, ನಮ್ಮ ಬೀಟೆ ಇವು ಮೂರೂ ಡಾಲ್ಬರ್ಜಿಯಾ ಎಂಬ ಒಂದೇ ಕುಲದ ಮರಗಳು. ಈ ಕುಲದವುಗಳಲ್ಲಿ ಸಹಜವಾಗಿಯೇ ಇರುವ ಎಣ್ಣೆಯಂಥ ಅಂಶಗಳು ಮರವನ್ನು ಹುಳದಿಂದ, ಕೊಳೆಯುವಿಕೆಯಿಂದ ಕಾಪಾಡುತ್ತವೆ. ಅದೇ ಅಂಶಗಳು ಮೆರುಗು ಕೊಡುವವನನ್ನು ಕಾಡುತ್ತವೆ. ಅಗಸೆ ಎಣ್ಣೆ ಒಣಗುವುದು ಗಾಳಿಯ ಆಮ್ಲಜನಕದೊಡನೆ ಕೂಡಿ; ಕೊಕೊಬೋಲೋದಲ್ಲಿರುವ ರಾಸಾಯನಿಕಗಳು ಆ ಕ್ರಿಯೆಯನ್ನೇ ತಡೆಯುವುದರಿಂದ ಹಚ್ಚಿದ ಎಣ್ಣೆ ವಾರಗಟ್ಟಲೆ ಅಂಟಂಟಾಗಿಯೇ ಉಳಿದುಬಿಡುತ್ತದೆ. ಮೊದಲು ಅರಗಿನ ಪಾಲಿಶ್‌ನ ತೆಳು ಪದರವೊಂದನ್ನು ಕೊಟ್ಟು ಅದರ ಮೇಲೆ ಬೇರೆಯದನ್ನು ಹಚ್ಚುವುದು ಒಂದು ದಾರಿ. ಏನನ್ನೂ ಹಚ್ಚದೆ ಅತಿ ನಯವಾಗಿ ಉಜ್ಜಿ ಮೇಣ ಸವರುವುದು ನನಗೆ ಹಿಡಿಸಿದ ದಾರಿ. ಎಪಾಕ್ಸಿ ಅಂಟು ಹಾಕುವುದಿದ್ದರೆ ಅದಕ್ಕೆ ಸ್ವಲ್ಪ ಮುಂಚೆ ಅಸಿಟೋನಿನಿಂದ ಒರೆಸಿ ಮೇಲ್ಮೈಯ ಎಣ್ಣೆಯನ್ನು ತೆಗೆಯಬೇಕು.

ಕಾನೂನಿನ ಮಾತು ಇಲ್ಲಿಯೂ ಬರುತ್ತದೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ ಬ್ರೆಜಿಲಿನ ರೋಸ್‌ವುಡ್ಡನ್ನು 1992ರಲ್ಲಿ ಅತಿ ಬಿಗಿಯಾದ ಮೊದಲ ಪಟ್ಟಿಗೆ ಸೇರಿಸಿತ್ತು. 2017ರ ಜನವರಿಯಿಂದ ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಮರಗಳೂ ಎರಡನೆಯ ಪಟ್ಟಿಗೆ ಬಂದವು. ಗಿಟಾರು ಹಿಡಿದು ದೇಶದಿಂದ ದೇಶಕ್ಕೆ ಹೋಗುವ ಸಂಗೀತಗಾರರೂ ಕಾಗದಪತ್ರಕ್ಕೆ ಅಲೆಯಬೇಕಾಗಿ ಬಂದು, 2019ರಲ್ಲಿ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಂಗೈಯಗಲದ ಎರಡು ತುಂಡಿಗೂ ಎಲ್ಲಿಂದ ಬಂತೆಂಬ ರಸೀದಿ ಇಟ್ಟುಕೊಳ್ಳುವ ಪಾಠವನ್ನು ಹವ್ಯಾಸಿಗಳು ಆಗ ಕಲಿತರು.

ಕಾಂಡದ ಮೇಲೆ ಗಂಟಿನಂತೆ ಉಬ್ಬಿ ಬೆಳೆಯುವ ಮರದ ಗಡ್ಡೆಗಳದ್ದು ಬೇರೆಯೇ ಸಂಗತಿ. ಮೇಪಲ್, ಬಕ್‌ಐ ಮುಂತಾದ ಮೆದು ಮರಗಳ ಗಡ್ಡೆಗಳಲ್ಲಿ ಎಳೆಗೆ ಗೊತ್ತುಗುರಿಯಿಲ್ಲ, ಕಣ್ಣುಕಣ್ಣಾದ ಚಿತ್ತಾರ ಮನಸೆಳೆಯುತ್ತದೆ, ಆದರೆ ತಿರುಪು ಬಿಗಿದರೆ ಪುಡಿಯಾಗುತ್ತದೆ. ಇಂಥವನ್ನು ಮೊದಲು ಒಲೆಯಲ್ಲಿ ಪೂರ್ತಿ ಒಣಗಿಸಿ, ತೆಳು ರಾಳದಲ್ಲಿ ಮುಳುಗಿಸಿ ನಿರ್ವಾತ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದುಹಾಕುತ್ತಾರೆ. ಪಂಪು ನಿಲ್ಲಿಸಿದಾಗ ಗಾಳಿಯಿದ್ದ ಜಾಗಕ್ಕೆ ರಾಳ ನುಗ್ಗುತ್ತದೆ. ಬಳಿಕ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಗಟ್ಟಿಯಾಗುತ್ತದೆ. ಹೀಗೆ ಸಿದ್ಧವಾದುದು ಅರ್ಧ ಮರ, ಅರ್ಧ ಪ್ಲಾಸ್ಟಿಕ್. ಅದು ಹಿಗ್ಗುವುದೂ ಕುಗ್ಗುವುದೂ ಅತ್ಯಲ್ಪ. ಬೀಟೆ, ಕರಿಮರ, ಐರನ್‌ವುಡ್‌ಗಳಿಗೆ ಈ ಉಪಚಾರ ನಡೆಯುವುದಿಲ್ಲ, ಅವು ರಾಳವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಅವುಗಳಿಗೆ ಅದರ ಅಗತ್ಯವೂ ಇಲ್ಲ.

ಇನ್ನು ದಂತ. ಕೆತ್ತುವವನಿಗೆ ಇಷ್ಟು ವಿಧೇಯವಾದ ವಸ್ತು ಪ್ರಕೃತಿಯಲ್ಲಿ ಕಡಿಮೆ: ಎಳೆಯ ಕಾಟವಿಲ್ಲ, ಸೂಕ್ಷ್ಮ ಗೆರೆ ನಿಲ್ಲುತ್ತದೆ, ಬೆವರಿದ ಕೈಗೆ ಜಾರುವುದಿಲ್ಲ, ಕೈಬಳಕೆಯಿಂದ ವರ್ಷಗಳುರುಳಿದಂತೆ ಹಳದಿಯಿಂದ ಕಂದಿಗೆ ತಿರುಗುತ್ತದೆ. ದಂತ ಒಣ ಹವೆಯಲ್ಲಿ ಬಿರಿಯುತ್ತದೆ, ತಿರುಪನ್ನು ತುಸು ಹೆಚ್ಚು ಬಿಗಿದರೂ ಸೀಳುತ್ತದೆ, ಡ್ರಿಲ್ ಬಿಸಿಯಾದರೆ ಸುಡುತ್ತದೆ. ಈ ಗುಣದೋಷಗಳನ್ನೆಲ್ಲ ಈಗ ಹಳೆಯ ಹಿಡಿಗಳನ್ನು ರಿಪೇರಿ ಮಾಡುವವರು ಮಾತ್ರ ತಿಳಿದುಕೊಂಡರೆ ಸಾಕು. ಆಫ್ರಿಕದ ಆನೆ 1989ರ ತೀರ್ಮಾನದಂತೆ ಸೈಟಿಸ್‌ನ ಮೊದಲ ಪಟ್ಟಿಗೆ ಹೋಯಿತು. 2016ರ ಜುಲೈ 6ರಿಂದ ಅಮೆರಿಕ ತನ್ನ ರಾಜ್ಯಗಳ ನಡುವಿನ ಆಫ್ರಿಕದ ದಂತದ ವ್ಯಾಪಾರವನ್ನೂ ಬಹುಮಟ್ಟಿಗೆ ನಿಷೇಧಿಸಿತು. ಆ ನಿಯಮದಲ್ಲಿ 200 ಗ್ರಾಮಿಗಿಂತ ಕಡಿಮೆ ದಂತವಿರುವ, ಆ ದಿನಕ್ಕೆ ಮೊದಲೇ ತಯಾರಾದ ವಸ್ತುಗಳಿಗೆ ಕೆಲವು ಷರತ್ತುಗಳ ಮೇಲೆ ವಿನಾಯಿತಿಯಿದೆ. ಹಳೆಯ ಪಿಯಾನೋಗಳ ಜೊತೆಗೆ ದಂತದ ಹಿಡಿಯ ಬಂದೂಕುಗಳೂ ಅದರ ವ್ಯಾಪ್ತಿಗೆ ಬರಬಹುದು. ಹೊಸದಾಗಿ ಮಾಡಿ ಮಾರುವ ಬಾಗಿಲು ಮುಚ್ಚಿದೆ, ಅದು ಮುಚ್ಚಿದ್ದು ಸರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಮುಚ್ಚಿದ ಬಾಗಿಲ ಪಕ್ಕದಲ್ಲೊಂದು ಕಿಟಕಿ ಉಳಿದಿದೆ. ಸೈಬೀರಿಯಾ ಮತ್ತು ಅಲಾಸ್ಕಾದ ಹೆಪ್ಪುಗಟ್ಟಿದ ನೆಲದಲ್ಲಿ ಸಿಗುವ, ಆನೆಯ ಅಳಿದುಹೋದ ಬಂಧುವಾದ ಮ್ಯಾಮತ್ತಿನ ದಂತಕ್ಕೆ ಅಮೆರಿಕದ ಕೇಂದ್ರ ಕಾನೂನಿನ ತಡೆಯಿಲ್ಲ. ಸಾವಿರಾರು ವರ್ಷ ಮಣ್ಣಿನೊಳಗಿದ್ದು ಖನಿಜಗಳನ್ನು ಹೀರಿಕೊಂಡಿರುವುದರಿಂದ ಅದರ ಹೊರಪದರಕ್ಕೆ ಕಂದು, ಹಸಿರು, ಅಪರೂಪಕ್ಕೆ ನೀಲಿ ಬಣ್ಣ ಬಂದಿರುತ್ತದೆ. ಆನೆಯದ್ದನ್ನು ಮ್ಯಾಮತ್ತಿನದೆಂದು ಹೇಳಿ ಮಾರುವವರೂ ಇರುವುದರಿಂದ ಎರಡನ್ನೂ ಬೇರೆ ಮಾಡಿ ತಿಳಿಯುವ ವಿದ್ಯೆ ಮುಖ್ಯ. ದಂತವನ್ನು ಅಡ್ಡಲಾಗಿ ಕೊಯ್ದರೆ ಒಂದನ್ನೊಂದು ಹಾಯುವ ಬಾಗುಗೆರೆಗಳು ಕಾಣುತ್ತವೆ, ಅವಕ್ಕೆ ಶ್ರೇಗರ್ ಗೆರೆಗಳೆಂದು ಹೆಸರು. ದಂತದ ಹೊರ ಅಂಚಿನ ಬಳಿ ಅವು ಕೂಡುವ ಕೋನ 115 ಡಿಗ್ರಿಗಿಂತ ಹೆಚ್ಚಿದ್ದರೆ ಆನೆ, 90ಕ್ಕಿಂತ ಕಡಿಮೆಯಿದ್ದರೆ ಮ್ಯಾಮತ್. ನಡುವಿನದಾದರೆ ಒಂದೇ ಗೆರೆ ನೋಡಿ ತೀರ್ಪು ಕೊಡುವಂತಿಲ್ಲ. ಈ ಗೊಂದಲಕ್ಕೇ ಬೇಸತ್ತು ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ರಾಜ್ಯಗಳು ಮ್ಯಾಮತ್ ದಂತದ ಮಾರಾಟವನ್ನೂ ನಿಷೇಧಿಸಿವೆ. ಅರಿಜೋನಾದಲ್ಲಿ ಮಾಡಿದ ಹಿಡಿಯನ್ನು ಪಕ್ಕದ ಕ್ಯಾಲಿಫೋರ್ನಿಯಾದ ಗಿರಾಕಿಗೆ ಮಾರಿದರೆ ಅಪರಾಧವಾಗುತ್ತದೆ.

ಈ ಇಡೀ ಪ್ರಸಂಗ ಮೈಸೂರಿಗೆ ಹೊಸತಲ್ಲ ಎಂದು ನಾನು ಮೊದಲೇ ಹೇಳಿದೆ. ಬೀಟೆಯ ಹಲಗೆಯಲ್ಲಿ ದಂತದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುತ್ತಿದ್ದ ಇಲ್ಲಿನ ಕುಸುರಿ ಕೆಲಸಗಾರರು, 1986ರ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರವೂ 1991ರದರಿಂದ ಆಫ್ರಿಕದ ದಂತದ ವ್ಯಾಪಾರವೂ ನಿಂತಾಗ, ಬಣ್ಣಬಣ್ಣದ ಮರಗಳನ್ನೇ ಚೂರು ಮಾಡಿ ಅದೇ ಚಿತ್ರಗಳನ್ನು ಬಿಡಿಸತೊಡಗಿದರು. ಹಲಸಿನ ಹಳದಿ, ಹೊನ್ನೆಯ ಕೆಂಪು, ಕರಿಮರದ ಕಪ್ಪು ಅವರಿಗೆ ಬಣ್ಣದ ಪೆಟ್ಟಿಗೆಯಾದವು. ಅಮೆರಿಕದ ಹಿಡಿಗಾರರು ಇಪ್ಪತ್ತೈದು ಮೂವತ್ತು ವರ್ಷ ತಡವಾಗಿ ಕಲಿತದ್ದನ್ನು ಇವರು ಹೊಟ್ಟೆಪಾಡಿಗಾಗಿ ಮೊದಲೇ ಕಲಿಯಬೇಕಾಯಿತು.

ಕಡವೆಯ ಕೊಂಬಿನ ಕಥೆಯೂ ಹೀಗೆಯೇ. ಅಲ್ಲಿನ ಹಿಡಿಗಾರರ ನಡುವೆ "ಇಂಡಿಯಾ ಸ್ಟ್ಯಾಗ್" ಎಂದರೆ ಬಹುಬೇಡಿಕೆಯ ಸರಕು. ಬೇರೆ ಜಿಂಕೆಗಳ ಕೊಂಬಿನ ನಡುಭಾಗ ಸ್ಪಂಜಿನಂತೆ ರಂಧ್ರಮಯವಾಗಿದ್ದರೆ ಕಡವೆಯದ್ದರಲ್ಲಿ ಗಟ್ಟಿ ಪದರವೇ ಹೆಚ್ಚು; ಹೊರಮೈಯ ಕಂದು ಉಬ್ಬುತಗ್ಗುಗಳು ತಾವಾಗಿಯೇ ಹಿಡಿತ ಕೊಡುತ್ತವೆ. ಬಂಡೀಪುರದ ಕಾಡಿನಲ್ಲಿ ಕಡವೆ ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತದೆ ಎಂಬುದನ್ನು ಬಲ್ಲವರು, ಬಿದ್ದ ಕೊಂಬನ್ನು ಮಾರಿದರೆ ತಪ್ಪೇನು ಎಂದು ಕೇಳುತ್ತಾರೆ. ಬಿದ್ದದ್ದು ಯಾವುದು, ಕೊಂದು ಕಿತ್ತದ್ದು ಯಾವುದು ಎಂದು ಗೋದಾಮಿನ ರಾಶಿಯಲ್ಲಿ ಹೇಳಲಾಗದು. ಭಾರತ 1990ರ ದಶಕದ ಕೊನೆಯಲ್ಲಿ ಇದರ ರಫ್ತನ್ನು ನಿಲ್ಲಿಸಿತು. ಅದಕ್ಕೂ ಮೊದಲು ಹೋದ ಸರಕೇ ಇಂದಿಗೂ ಕೈಯಿಂದ ಕೈಗೆ ಏರುಬೆಲೆಯಲ್ಲಿ ಸುತ್ತುತ್ತಿದೆ. ಅದು ಸಿಗದವರು ಎಲ್ಕ್ ಎಂಬ ದೊಡ್ಡ ಜಿಂಕೆಯ ಕೊಂಬಿನ ರಂಧ್ರಗಳಿಗೆ ತೆಳು ಅಂಟು ಕುಡಿಸಿ ಬಳಸುತ್ತಾರೆ.

ಮುತ್ತಿನ ಚಿಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಪ್ಪು ಬಾಗಿರುವುದರಿಂದ ನಾಲ್ಕಿಂಚು ಉದ್ದದ, ಸಾಕಷ್ಟು ದಪ್ಪದ ಸಪಾಟು ತುಂಡು ಸಿಗುವುದೇ ದುರ್ಲಭ, ಸಿಕ್ಕರೂ ಕೈತಪ್ಪಿ ಬಿದ್ದರೆ ಒಡೆಯುತ್ತದೆ. ಉಲ್ಕೆಯ ಕಬ್ಬಿಣವನ್ನು ಸೀಳಿ, ನೈಟ್ರಿಕ್ ಆಮ್ಲದಿಂದ ಅದರೊಳಗಿನ ಹರಳಿನ ವಿನ್ಯಾಸ ಕಾಣುವಂತೆ ಮಾಡಿ ಹಿಡಿಗೆ ಕೂರಿಸುವವರೂ ಇದ್ದಾರೆ. ನೋಡಲು ಸೊಗಸು, ಆದರೆ ಬೆವರು ತಾಗುವ ಜಾಗದಲ್ಲಿ ತುಕ್ಕು ಹಿಡಿಯುವ ವಸ್ತುವನ್ನಿಡುವುದು ನನ್ನ ಬುದ್ಧಿಗೆ ಒಗ್ಗದು.

ಇದಕ್ಕಿಂತ ಗೌರವಕ್ಕೆ ಪಾತ್ರವಾದುದು ಮಿಕಾರ್ಟ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ವಿದ್ಯುತ್ ನಿರೋಧಕವಾಗಿ ತಯಾರಿಸಿದ, ಬಟ್ಟೆ ಅಥವಾ ಕಾಗದದ ಪದರಗಳನ್ನು ಫೀನಾಲಿಕ್ ರಾಳದಲ್ಲಿ ಒತ್ತಿದ ಹಲಗೆ ಅದು. ಅದು ತೇವಕ್ಕೆ ಜಗ್ಗದು, ಎಣ್ಣೆಗೆ ಕರಗದು, ಒದ್ದೆ ಕೈಗೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಕಾಗದದಿಂದ ಮಾಡಿದ ಬಿಳಿ ಮಿಕಾರ್ಟ ಕಾಲಕ್ರಮದಲ್ಲಿ ದಂತದಂತೆಯೇ ಹಳದಿಯಾಗುತ್ತದೆ. ಗಾಜಿನ ನಾರು ಮತ್ತು ಎಪಾಕ್ಸಿಯ ಜಿ10 ಇದಕ್ಕಿಂತ ಗಟ್ಟಿ.

ಕೆಲಸದ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲ ನಿಯಮ, ಕೆಲಸದ ಮೇಜಿನಿರುವ ಕೋಣೆಗೆ ತೋಟಾ ಬರಕೂಡದು. ಪಿಸ್ತೂಲನ್ನು ಬರಿದು ಮಾಡಿ, ಬಿಚ್ಚಿ, ಬರೀ ಫ್ರೇಮನ್ನು ಮಾತ್ರ ತರಬೇಕು. ಹಿಂಬದಿಯನ್ನು ಗಾಜಿನ ಮೇಲೆ ಹರಡಿದ ಮರಳು ಕಾಗದದಲ್ಲಿ ಉಜ್ಜಿ ಪೂರ್ತಿ ಸಪಾಟು ಮಾಡಿದ ನಂತರವೇ ರಂಧ್ರ; ರಂಧ್ರ ಸರಿಯಾಗಿ ಕೂತ ಮೇಲೆ ಹೊರರೇಖೆ; ಉಬ್ಬು ಕೊನೆಗೆ. ಈ ಕ್ರಮ ತಿರುಗಾಮುರುಗಾ ಆದರೆ ಸುಂದರವಾಗಿ ಉಬ್ಬು ತೆಗೆದ ಫಲಕ ಅರ್ಧ ಮಿಲಿಮೀಟರ್ ಓರೆಯಾಗಿ ಕೂರುತ್ತದೆ. ಎಡ ಫಲಕದಲ್ಲಿ ತೋಟಾ ತುಂಬುವ ಮ್ಯಾಗಜೀನನ್ನು ಬಿಡಿಸುವ ಗುಂಡಿಗೆ, ಸುರಕ್ಷತಾ ಕೀಲಿಗೆ ಜಾಗ ಬಿಡಬೇಕು. ಬೆರೆಟ್ಟಾದಲ್ಲಿ ಟ್ರಿಗರಿನ ಸರಳು ಬಲ ಫಲಕದ ಅಡಿಯಲ್ಲೇ ಓಡುವುದರಿಂದ ಒಳಬದಿ ತಾಗಿದರೆ ಆಯುಧದ ಕೆಲಸವೇ ಕೆಡುತ್ತದೆ. ಅಲಂಕಾರದ ವಸ್ತುವಾದರೂ ಅದು ಯಂತ್ರದ ಭಾಗವೆಂಬುದು ಇಲ್ಲಿ ನೆನಪಿರಬೇಕು. ಅಂಚನ್ನು ಉಕ್ಕಿಗೆ ಸರಿಗಟ್ಟಿಸುವಾಗ ಉಕ್ಕಿನ ಮೇಲೆ ಎರಡು ಪದರ ಟೇಪು ಅಂಟಿಸಿ, ಅರದ ಗೀರು ಟೇಪನ್ನು ಮುಟ್ಟಿದಲ್ಲಿಗೆ ನಿಲ್ಲಿಸಬೇಕು.

ಆಕಾರಕ್ಕೆ ಕೈಯೇ ಅಳತೆ. ಹಿಡಿ ದಪ್ಪವಾದಷ್ಟೂ ತೋರುಬೆರಳು ಟ್ರಿಗರಿನಿಂದ ದೂರವಾಗುತ್ತದೆ. ತೆಳುವಾದಷ್ಟೂ ಗುಂಡಿನ ಒದೆತ ಅಂಗೈಯ ಒಂದೇ ಜಾಗಕ್ಕೆ ಬೀಳುತ್ತದೆ. 1955ರಲ್ಲಿ .44 ಮ್ಯಾಗ್ನಮ್ ತೋಟಾ ಬಂದಾಗ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯವರು ಅದನ್ನು ಹಾರಿಸುವ ತಮ್ಮ ರಿವಾಲ್ವರಿಗೆ ಕೊಟ್ಟ ಅಗಲವಾದ ಹಿಡಿಗಳ ಉದ್ದೇಶ ಆ ಒದೆತವನ್ನು ಹರಡುವುದು. ಮುಂದೆ ಅವರು ಬಹುಕಾಲ ಬಳಸಿದ್ದು ದಕ್ಷಿಣ ಅಮೆರಿಕದ ಗೊನ್ಸಾಲೋ ಆಲ್ವೆಸ್ ಎಂಬ ಪಟ್ಟೆಪಟ್ಟೆಯ ಮರ. ಇಂಚಿಗೆ ಇಪ್ಪತ್ತರ ಸುಮಾರು ಗೆರೆಗಳಂತೆ ಗೀರುಚೌಕಳಿ ಕೆತ್ತಿದರೆ ಹಿಡಿತ ಬಿಗಿಯಾಗುತ್ತದೆ. ಆದರೆ ಐರನ್‌ವುಡ್‌ನಂಥ ಚಿತ್ತಾರದ ಮರದ ಮೇಲೆ ಚೌಕಳಿ ಕೆತ್ತುವುದು ಆ ಚಿತ್ತಾರವನ್ನೇ ಅಳಿಸಿದಂತೆ. ಅದು ಸಾದಾ ಅಕ್ರೋಟಿಗೆ ಒಪ್ಪುವ ಕೆಲಸ.

ಧೂಳಿನ ವಿಷಯದಲ್ಲಿ ಸಂಕೋಚವಿಲ್ಲದೆ ಎಚ್ಚರಿಸಬೇಕು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಕೊಕೊಬೋಲೋದ ಧೂಳು ಎಷ್ಟೋ ಜನರಿಗೆ ಮೈಮೇಲೆ ಗಂದೆ ಎಬ್ಬಿಸುತ್ತದೆ. ಮೊದಲ ಸಲ ಏನೂ ಆಗದೆ, ಬಳಸುತ್ತ ಹೋದಂತೆ ಅಲರ್ಜಿ ಹೆಚ್ಚುತ್ತದೆ. ಚಿಪ್ಪು, ಕೊಂಬು, ಜಿ10 ಇವನ್ನು ನೀರು ಚಿಮುಕಿಸುತ್ತ ಒದ್ದೆಯಾಗಿಯೇ ಉಜ್ಜಬೇಕು. ಬಾಯಿಗೆ ಕರ್ಚೀಫು ಕಟ್ಟಿಕೊಂಡರೆ ಸಾಲದು, ಸೂಕ್ಷ್ಮ ಕಣಗಳನ್ನು ತಡೆಯುವ ಮುಖವಾಡವೇ ಬೇಕು.

ಮಾತಿನ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಇದನ್ನು ಇಲ್ಲಿ ಮಾಡಬಹುದೇ ಎಂದು ಹಿರಿಯರೊಬ್ಬರು ಕೇಳಿದರು. ಭಾರತದ 1959ರ ಆಯುಧ ಕಾಯ್ದೆ ಆಯುಧದ ಬಿಡಿಭಾಗಗಳನ್ನೂ ಆಯುಧವೆಂಬ ವ್ಯಾಖ್ಯೆಯೊಳಗೆ ತರುವುದರಿಂದ, ಅಮೆರಿಕದ ಷೆಡ್ಡಿನ ಹವ್ಯಾಸವನ್ನು ಹಾಗೆಯೇ ಎತ್ತಿ ಇಲ್ಲಿಗೆ ತರುವ ಮಾತಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆಯಾದರೂ ಅದು ಬಂದೂಕನ್ನು ಹೊಂದುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು, ತಯಾರಿಕೆಗೆ ಸಂಬಂಧಿಸಿದ್ದಲ್ಲ. ಹಾಗಾದರೆ ಕೈ ಪಳಗಿಸಲು ಏನು ಮಾಡಬೇಕು ಎಂಬುದು ಎರಡನೆಯ ಪ್ರಶ್ನೆ. ಅಡುಗೆಮನೆಯ ಚಾಕುವಿನಿಂದ ಆರಂಭಿಸಿ ಎಂದೆ. ಉಕ್ಕಿನ ಪಟ್ಟಿಯ ಎರಡೂ ಮಗ್ಗುಲಿಗೆ ಎರಡು ಫಲಕ ಕೂರಿಸಿ ಅಂಚು ಸರಿಗಟ್ಟಿಸುವ ಕೆಲಸ ಅಲ್ಲಿಯೂ ಅದೇ. ಪೀಠೋಪಕರಣದ ಅಂಗಡಿಯವರು ರಸೀದಿಯೊಡನೆ ಮಾರುವ ಬೀಟೆಯ ಚೂರು ಅದಕ್ಕೆ ಸಾಕು. ಎಮ್ಮೆಯ ಕೊಂಬು ಸಿಕ್ಕರೆ ಇನ್ನೂ ಒಳ್ಳೆಯದು: ಬಿಸಿ ಮಾಡಿ ಎರಡು ಹಲಗೆಗಳ ನಡುವೆ ಒತ್ತಿ ಅದನ್ನು ಸಪಾಟು ಮಾಡಬಹುದು, ಆದರೆ ಒತ್ತಿದ ಮೇಲೆ ಕೆಲವು ವಾರ ಹಾಗೆಯೇ ಬಿಡಬೇಕು, ಏಕೆಂದರೆ ಅವಸರ ಮಾಡಿದರೆ ಕೊಂಬು ತನ್ನ ಹಳೆಯ ಬಾಗಿಗೆ ಮರಳಿ ಅಂಟನ್ನು ಕಿತ್ತುಕೊಂಡು ಮೇಲೇಳುತ್ತದೆ.